ಹದಿನೇಳನೆಯ ಪ್ರಶ್ನೆ

ಯಂತ್ರ ಕೇಳುವ ನಲವತ್ತೊಂದು ಪ್ರಶ್ನೆಗಳನ್ನು ಕನ್ನಡಕ್ಕೆ ತಂದವಳು ರತ್ನಮಾಲಾ ಬಡಿಗೇರ. ಅದಕ್ಕಾಗಿ ಆಸ್ಪತ್ರೆಯ ವಾರ್ಷಿಕೋತ್ಸವದಲ್ಲಿ ಅವಳಿಗೆ ಶಾಲು ಹೊದಿಸಿದ್ದರು. ಒಂದೊಂದು ವಾಕ್ಯವನ್ನೂ ನಾಲ್ಕಾರು ಸಲ ತಿದ್ದಿ, ಎಲ್ಲಿಯೂ ಹಳ್ಳಿಯ ಮಾತು ನುಸುಳದಂತೆ, ಸರ್ಕಾರಿ ಪ್ರಕಟಣೆಯಷ್ಟು ಶುದ್ಧವಾಗಿ ಬರೆದಿದ್ದಳು. ಹದಿನೇಳನೆಯದು ಹೀಗಿತ್ತು: ‘ನೀವು ಯಾವುದೇ ರೂಪದಲ್ಲಿ ತಂಬಾಕನ್ನು ಸೇವಿಸುತ್ತೀರಾ ಅಥವಾ ಹಿಂದೆ ಸೇವಿಸುತ್ತಿದ್ದಿರಾ?’

ಯಂತ್ರದ ಹೆಸರು ‘ಪ್ರತಿರೂಪ’. ಬೆಳಗಾವಿಯ ಆ ಕ್ಯಾನ್ಸರ್ ಆಸ್ಪತ್ರೆಗೆ ಅದು ಬಂದು ಮೂರು ವರ್ಷವಾಗಿತ್ತು. ಬಾಯಿ, ಗಂಟಲಿನ ಗಡ್ಡೆಯಿಂದ ಅಕ್ಕಿಕಾಳಿನಷ್ಟು ಚೂರನ್ನು ತೆಗೆದು ಅದರ ಹೊಟ್ಟೆಗೆ ಹಾಕಿದರೆ, ಅದು ಆ ಚೂರನ್ನು ಬಿಡಿಸಿ ಒಂದು ತಟ್ಟೆಯ ತೊಂಬತ್ತಾರು ಪುಟ್ಟ ಗುಳಿಗಳಲ್ಲಿ ಬಿತ್ತುತ್ತಿತ್ತು. ವಾರದೊಳಗೆ ಪ್ರತಿ ಗುಳಿಯಲ್ಲೂ ಸಾಸಿವೆಗಿಂತ ಚಿಕ್ಕದಾದ ಒಂದೊಂದು ಗಡ್ಡೆ ಬೆಳೆಯುತ್ತಿತ್ತು. ಒಂದಕ್ಕೆ ಇಷ್ಟು ಕಿರಣ, ಇನ್ನೊಂದಕ್ಕೆ ಅಷ್ಟು, ಮತ್ತೊಂದಕ್ಕೆ ಔಷಧಿಯೂ ಸೇರಿ. ಯಾವುದು ಸೊರಗಿತು, ಯಾವುದು ಮೊಂಡುಬಿದ್ದಿತು ಎಂದು ಕ್ಯಾಮೆರಾ ಎವೆಯಿಕ್ಕದೆ ನೋಡುತ್ತಿತ್ತು. ಹೊರಗೆ ಬೆಂಚಿನ ಮೇಲೆ ಕುಳಿತ ರೋಗಿಗಳು ಆ ತಟ್ಟೆಗೆ ತಾವೇ ಒಂದು ಹೆಸರಿಟ್ಟಿದ್ದರು, ಅವಳಿ ಎಂದು. ‘ನಮ್ಮ ಅವಳಿ ಹೆಂಗ ಅದಾಳ್ರಿ, ಉಂಡಳೇನ್ರಿ?’ ಎಂದು ಒಬ್ಬರಿಗೊಬ್ಬರು ಕೇಳಿ ನಗುತ್ತಿದ್ದರು.

ಆದರೆ ತಟ್ಟೆಯ ಗಡ್ಡೆಗಳು ಹನ್ನೆರಡು ದಿನಕ್ಕಿಂತ ಹೆಚ್ಚು ಬದುಕುತ್ತಿರಲಿಲ್ಲ. ಗಡ್ಡೆಯ ಚೂರು ಗಡ್ಡೆಯ ಕಥೆಯನ್ನಷ್ಟೇ ಹೇಳಬಲ್ಲದು. ಅದು ಬೆಳೆದ ನೆಲ ಹೇಗಿತ್ತು, ಸುತ್ತಲಿನ ಒಳಚರ್ಮ ಎಷ್ಟು ವರ್ಷ ಏನನ್ನು ತಾಳಿಕೊಂಡಿದೆ ಎಂಬುದನ್ನು ಆ ಬಾಯಿಯ ಒಡತಿಯೇ ಹೇಳಬೇಕು. ನಲವತ್ತೊಂದು ಪ್ರಶ್ನೆಗಳು ಇದ್ದದ್ದು ಅದಕ್ಕೆ. ತಟ್ಟೆಯ ಲೆಕ್ಕ, ರಕ್ತದ ಲೆಕ್ಕ, ಉತ್ತರಗಳ ಲೆಕ್ಕ ಮೂರನ್ನೂ ಕೂಡಿಸಿ ಯಂತ್ರ ಒಬ್ಬ ಲೆಕ್ಕದ ರೋಗಿಯನ್ನು ಕಟ್ಟಿ, ಆ ರೋಗಿಗೆ ಹತ್ತು ಸಾವಿರ ಸಲ ಚಿಕಿತ್ಸೆ ಕೊಟ್ಟು, ಹತ್ತು ಸಾವಿರ ಸಲ ಐದು ವರ್ಷ ಬದುಕಿಸಿಯೋ ಸಾಯಿಸಿಯೋ ನೋಡಿ, ಕೊನೆಗೆ ಒಂದೇ ಸಾಲು ಬರೆಯುತ್ತಿತ್ತು: ಇಂಥವರಿಗೆ ಇಷ್ಟು ದಿನ, ಇಷ್ಟು ಕಿರಣ, ಇಷ್ಟು ಅಗಲ.

ಚಂಪವ್ವ ಮಗದುಮ್ ಗೋಕಾಕದಿಂದ ಬಂದವಳು. ಐವತ್ಮೂರು ವರ್ಷ. ಟಾನ್ಸಿಲಿನ ಪಕ್ಕ ನೆಲ್ಲಿಕಾಯಿಯಷ್ಟು ಗಡ್ಡೆ. ಮೂವತ್ತು ವರ್ಷದಿಂದ ಒಂದು ಕರದಂಟಿನ ಕಾರ್ಖಾನೆಯಲ್ಲಿ ಪಾಕ ನೋಡುವ ಕೆಲಸ ಅವಳದು. ಕುದಿಯುವ ಬೆಲ್ಲದ ಒಂದು ಹನಿಯನ್ನು ನೀರಿಗೆ ಬಿಟ್ಟು, ತೆಗೆದು ಮುಂದಿನ ಹಲ್ಲಿನಲ್ಲಿ ಕಚ್ಚಬೇಕು. ಹಲ್ಲು ಹಿಡಿದರೆ ಇನ್ನೂ ಬೇಕು, ಬಿಟ್ಟರೆ ಆಯಿತು. ನಾಲಿಗೆಯ ಬದಿಯಲ್ಲಿ ಎಳೆಯಷ್ಟು ಕಹಿ ಸುಳಿದರೆ ಕೈಮೀರಿತು. ಅವಳು ಇಳಿಸಿರಿ ಎಂದಮೇಲೆಯೇ ಒಲೆಯಿಂದ ಕಡಾಯಿ ಇಳಿಯುತ್ತಿತ್ತು. ಎಲ್ಲರೂ ಮೊದಲು ಕೇಳುವ ಪ್ರಶ್ನೆಯನ್ನು ಅವಳು ಕೇಳಲಿಲ್ಲ.

“ಬಾಯಾರ, ನಾಲಿಗಿ ಉಳಿತೈತೇನ್ರಿ?” ಎಂದು ರತ್ನಮಾಲಾಳನ್ನು ಕೇಳಿದಳು. “ಜೀವಾ ಉಳಿದು ನಾಲಿಗಿ ಹೋದ್ರ, ಆ ಒಲಿ ಮುಂದ ಕುಂತು ನಾ ಏನ್ ಮಾಡ್ಲಿ, ಕಟಗಿ ಒಟ್ಟಲೇನು?”

ಯಂತ್ರ ಹೇಳಬೇಕು ಎಂದು ರತ್ನಮಾಲಾ ನಕ್ಕಳು. ರೋಗಿಗಳನ್ನು ಕೇಳಿ ಯಂತ್ರಕ್ಕೆ ಉತ್ತರ ತುಂಬುವ ಕೆಲಸವೂ ಅವಳದೇ. ಒಂದೊಂದೇ ಪ್ರಶ್ನೆ ಓದಿದಳು. ಹದಿನೇಳಕ್ಕೆ ಬಂದಾಗ ಚಂಪವ್ವನಿಗೆ ‘ಸೇವಿಸು’ ಎಂಬುದು ತಿಳಿಯಲಿಲ್ಲ. ತಂಬಾಕು ತಿನ್ನುವುದು, ಬೀಡಿ ಸೇದುವುದು ಎಂದು ರತ್ನಮಾಲಾ ಬಿಡಿಸಿ ಹೇಳಿದಳು.

“ಅಯ್ಯ, ನಾವ್ಯಾಕ ತಿನ್ನೋಣ್ರಿ? ಅದು ಗಂಡಸರ ಚಟ. ನಮ್ಮನಿಯವರು ತಿಂದ ತಿಂದ ಹ್ವಾದ್ರು.”

ಹಾಗೆನ್ನುವಾಗ ಅವಳ ಮೇಲ್ತುಟಿ ಸರಿಯಿತು. ಒಸಡಿನ ಬುಡದಲ್ಲಿ ಕಾಡಿಗೆ ಎಳೆದಂಥ ಕಪ್ಪು ಗೆರೆ. ಬಲಗೈಯ ತೋರುಬೆರಳಿನ ಉಗುರಂಚಿನಲ್ಲೂ ಅದೇ ಕಪ್ಪು. ಸಂತೆಯಲ್ಲಿ ಯಾರದೋ ಕೈಯಲ್ಲಿ ತನ್ನ ಮನೆಯ ತಂಬಿಗೆಯನ್ನು ಕಂಡಂತೆ ರತ್ನಮಾಲಾ ಅದನ್ನು ಗುರುತು ಹಿಡಿದಳು. ಮಿಶ್ರಿ. ತಂಬಾಕಿನ ಎಲೆಯನ್ನು ಹಂಚಿನ ಮೇಲೆ ಕರ್ರಗಾಗುವವರೆಗೆ ಹುರಿದು ಅರೆದ ಪುಡಿ. ಆ ಸೀಮೆಯ ಹೆಂಗಸರು ಬೆಳಗ್ಗೆ ಎದ್ದೊಡನೆ ಹಲ್ಲಿಗೆ, ಒಸಡಿಗೆ ತಿಕ್ಕಿ, ಅರ್ಧ ತಾಸು ಬಾಯಲ್ಲೇ ಇಟ್ಟುಕೊಂಡು ಕೆಲಸ ಮಾಡುತ್ತಾರೆ. ಅದನ್ನು ಯಾರೂ ತಿನ್ನುವುದಿಲ್ಲ, ಸೇದುವುದಿಲ್ಲ, ಸೇವಿಸುವುದಂತೂ ಇಲ್ಲವೇ ಇಲ್ಲ. ಹಚ್ಚಿಕೊಳ್ಳುತ್ತಾರೆ. ರತ್ನಮಾಲಾಳ ತಾಯಿಯೂ ಹಚ್ಚಿಕೊಳ್ಳುತ್ತಿದ್ದಳು.

ರತ್ನಮಾಲಾ ‘ಇಲ್ಲ’ ಎಂದು ಒತ್ತಿ ಹದಿನೆಂಟನೆಯ ಪ್ರಶ್ನೆಗೆ ಹೋದಳು.

ಒಂಬತ್ತನೆಯ ದಿನ ತಟ್ಟೆಯ ಲೆಕ್ಕ ಬಂತು. ಗಡ್ಡೆಯ ಮೂಲ ಒಂದು ವೈರಸ್. ಅಂಥವು ಕಿರಣಕ್ಕೆ ಬೇಗ ಕರಗುತ್ತವೆ; ತಂಬಾಕೂ ಸೇರಿದ್ದರೆ ಮಾತ್ರ ಹೆಚ್ಚು ದಿನ, ನಾಲಿಗೆಯನ್ನೂ ಬಿಡದ ಅಗಲವಾದ ಕಿರಣ ಬೇಕು. ಜೊತೆಗೆ ಪರದೆಯ ಮೇಲೆ ಹಳದಿ ಚೌಕವೊಂದು ಮೂಡಿತು: ‘ಕೋಶಗಳಲ್ಲಿ ತಂಬಾಕಿನ ಗುರುತು ಅಸ್ಪಷ್ಟ. ಹದಿನೇಳನೆಯ ಉತ್ತರವನ್ನು ಖಚಿತಪಡಿಸಿ.’ ಕೆಳಗೆ ಎರಡು ಗುಂಡಿ, ‘ಮತ್ತೆ ಕೇಳಿ’ ಮತ್ತು ‘ಖಚಿತ’. ಚಂಪವ್ವ ಇಪ್ಪತ್ತು ಹೆಜ್ಜೆಯಾಚೆ ಬೆಂಚಿನ ಮೇಲೆ ಸೊಸೆಯ ಜೊತೆ ಕುಳಿತಿದ್ದಳು. ರೋಗಿಯ ಬಾಯಿಂದ ಬಂದದ್ದನ್ನಷ್ಟೇ ದಾಖಲಿಸಬೇಕು, ಕೇಳುವವರ ಊಹೆಯನ್ನಲ್ಲ ಎಂಬ ನಿಯಮವಿತ್ತು. ರತ್ನಮಾಲಾ ಅದರ ಹಿಂದೆ ಅಡಗಿದಳು. ನಾಲಿಗೆ ಉಳಿಯಲಿ, ಪಾಪ, ಎಂಬ ಕನಿಕರವೂ ಇತ್ತು. ಅದು ಕನಿಕರವೇ ಆಗಿತ್ತೇ ಎಂದು ಆಮೇಲೆ ಎಷ್ಟೋ ಸಲ ತನ್ನನ್ನು ತಾನು ಕೇಳಿಕೊಂಡಳು. ಆ ಹೊತ್ತಿಗೆ ‘ಖಚಿತ’ ಒತ್ತಿದಳು.

ಯಂತ್ರ ತನ್ನ ಸಾಲು ಬರೆಯಿತು. ವಾಡಿಕೆಯ ಮೂವತ್ತೈದು ದಿನದ ಬದಲು ಇಪ್ಪತ್ತೇಳು ದಿನ. ನಾಲಿಗೆಯ ಮುಂಭಾಗ, ಜೊಲ್ಲಿನ ಗ್ರಂಥಿಗಳನ್ನು ತಪ್ಪಿಸಿ ಸಪೂರ ಕಿರಣ. ಐದು ವರ್ಷದೊಳಗೆ ಗಡ್ಡೆ ಮರಳುವ ಸಂಭವ ಹತ್ತರಲ್ಲಿ ಒಂದು. ಚಿಕಿತ್ಸೆಯ ಹೊಣೆ ಹೊತ್ತಿದ್ದ ಡಾಕ್ಟರ್ ಶೈಲಜಾ ಇನಾಮದಾರ ಅದನ್ನು ಓದಿ ಚಂಪವ್ವನ ಬೆನ್ನು ತಟ್ಟಿದರು. ಮುಂದಿನ ಸೋಮವಾರದಿಂದ ಕಿರಣ ಶುರುವಾಯಿತು.

ರತ್ನಮಾಲಾಳ ತಾಯಿ ತಂಗೆವ್ವ ಆ ವರ್ಷ ಮಗಳ ಮನೆಯಲ್ಲೇ ಇದ್ದಳು. ಮೂರನೆಯ ವಾರ ಕಳೆದ ಭಾನುವಾರ ಬೆಳಗ್ಗೆ, ತಂಗೆವ್ವ ಬಾಲ್ಕನಿಯಲ್ಲಿ ಕುಕ್ಕರಗಾಲಿನಲ್ಲಿ ಕುಳಿತು, ಅಂಗೈಯಲ್ಲಿ ಚಿಟಿಕೆ ಪುಡಿ ಹಾಕಿಕೊಂಡು ಹಲ್ಲಿಗೆ ತಿಕ್ಕುತ್ತಿದ್ದಳು. ರತ್ನಮಾಲಾ ಚಹಾದ ಲೋಟ ಹಿಡಿದು ಬಾಗಿಲಲ್ಲಿ ನಿಂತಳು. ಯಾಕೆ ಹಾಗೆ ಅನ್ನಿಸಿತೋ, ಆಸ್ಪತ್ರೆಯಲ್ಲಿ ಓದುವ ದನಿಯಲ್ಲಿಯೇ, ಯಾವುದೇ ರೂಪದಲ್ಲಿ ತಂಬಾಕನ್ನು ಸೇವಿಸುತ್ತೀರಾ ಎಂದು ತಾಯಿಯನ್ನು ಕೇಳಿದಳು.

ತಂಗೆವ್ವ ಉಗುಳಿ ಬಂದು, ಮಗಳ ತಲೆ ಕೆಟ್ಟಿತೇ ಎಂಬಂತೆ ನೋಡಿದಳು.

“ತಂಬಾಕ ಗಂಡಸರು ತಿಂತಾರ. ನಾವು ಹಲ್ಲ ತಿಕ್ಕೋತೇವಿ.”

ರತ್ನಮಾಲಾಳ ಕೈಯಲ್ಲಿ ಚಹಾ ಆರಿತು. ಇಲ್ಲಿಯವರೆಗೆ ಅದೊಂದು ಉತ್ತರದ ತಪ್ಪು ಎಂದುಕೊಂಡಿದ್ದಳು, ಪ್ರಶ್ನೆಯೇ ತಪ್ಪಾಗಿತ್ತು. ಪ್ರಶ್ನೆ ಅವಳದು. ಮೊದಲ ಕರಡಿನಲ್ಲಿ ‘ಮಿಶ್ರಿ ಹಚ್ಚುವುದು’ ಎಂಬ ಮಾತು ಇತ್ತು ಎಂಬುದು ಅವಳೊಬ್ಬಳಿಗೇ ಗೊತ್ತು. ಬರೆದಿದ್ದಳು, ಅಳಿಸಿದ್ದಳು. ಧಾರವಾಡದ ಹಾಸ್ಟೆಲಿಗೆ ತಾಯಿ ಬಂದುಹೋದ ದಿನ, ನಿಮ್ಮವ್ವನ ಹಲ್ಲಿಗೆ ಏನಾಗಿದೆ ಎಂದು ಗೆಳತಿಯರು ಕೇಳಿದ್ದು, ಮುಂದಿನ ಸಲ ಬರುವಾಗ ಬಾಯಿ ಚೆನ್ನಾಗಿ ತೊಳೆದುಕೊಂಡು ಬಾ ಎಂದು ತಾನು ತಾಯಿಗೆ ಫೋನಿನಲ್ಲಿ ಹೇಳಿದ್ದು ಆ ಪದದ ಜೊತೆಗೇ ಎದ್ದುಬಂದಿದ್ದವು. ಆ ಪದ ಫಾರ್ಮಿನಲ್ಲಿ ಕಂಡರೆ, ಇದು ನಿಮಗೆ ಹೇಗೆ ಗೊತ್ತು ಎಂದು ಯಾರಾದರೂ ಕೇಳಿಯಾರು ಅನ್ನಿಸಿತ್ತು.

ಮಾರನೆಯ ದಿನದಿಂದ ಅವಳು ದಾಖಲೆಗಳನ್ನು ತೆರೆಯತೊಡಗಿದಳು. ಪ್ರತಿ ರೋಗಿಯ ಬಾಯಿಯ ಫೋಟೋ ಅಲ್ಲಿರುತ್ತಿತ್ತು. ಹದಿನೇಳಕ್ಕೆ ‘ಇಲ್ಲ’ ಎಂದ ಹೆಂಗಸರು ಮೂರು ವರ್ಷದಲ್ಲಿ ಇನ್ನೂರ ಹನ್ನೆರಡು ಮಂದಿ. ಊಟದ ಬಿಡುವಿನಲ್ಲಿ, ಬಾಗಿಲು ಹಾಕಿಕೊಂಡು, ಒಂದೊಂದೇ ಒಸಡನ್ನು ದೊಡ್ಡದು ಮಾಡಿ ನೋಡಿದಳು. ಗುರುವಾರದ ಹೊತ್ತಿಗೆ ಕಪ್ಪು ಗೆರೆಯಿದ್ದವರು ಎಂಬತ್ತೆಂಟು ಎಂದು ತಿಳಿಯಿತು. ಯಂತ್ರ ಇವರೆಲ್ಲರ ಸುಳ್ಳಲ್ಲದ ಸುಳ್ಳಿನಿಂದ ಪಾಠ ಕಲಿತಿತ್ತು. ಶುಕ್ರವಾರ, ಚಂಪವ್ವನ ಇಪ್ಪತ್ತನೆಯ ಕಿರಣದ ದಿನ, ರತ್ನಮಾಲಾ ಅವಳ ಲೆಕ್ಕದ ರೋಗಿಯನ್ನು ಮತ್ತೆ ತೆರೆದಳು. ಹದಿನೇಳನೆಯದನ್ನು ‘ಹೌದು’ ಮಾಡಿ ಓಡಿಸಿದಳು.

ಯಂತ್ರ ಹೇಳಿತು: ಮೂವತ್ತೈದು ದಿನ. ಕೊನೆಯ ಎಂಟು ದಿನ ಅಗಲವಾದ ಕಿರಣ, ಪುಡಿ ಮುಟ್ಟಿದ ಒಸಡು, ಕೆನ್ನೆ, ನಾಲಿಗೆ ಎಲ್ಲವೂ ಸೇರಿ. ಇಪ್ಪತ್ತೇಳಕ್ಕೇ ನಿಲ್ಲಿಸಿದರೆ ಗಡ್ಡೆ ಮರಳುವ ಸಂಭವ ಹತ್ತರಲ್ಲಿ ನಾಲ್ಕು. ಮುಂದುವರಿಸಿದರೆ ಒಂದು. ನಡುವೆ ಅಂತರ ಬಿದ್ದರೆ, ವಾರದೊಳಗಾದರೆ ಅಡ್ಡಿಯಿಲ್ಲ. ಆಮೇಲೆ ದಿನದಿನಕ್ಕೂ ಕಿರಣದ ಬಲ ಕುಗ್ಗುತ್ತದೆ.

ಇನ್ನೂ ಏಳು ಕಿರಣ ಬಾಕಿಯಿದ್ದವು. ವೇಳೆ ಧಾರಾಳವಾಗಿತ್ತು. ಎದ್ದು ಹೋಗಿ ಪಕ್ಕದ ಕೋಣೆಯ ಬಾಗಿಲು ತಟ್ಟಿದರೆ ಸಾಕು. ಅವಳು ಎದ್ದಳು ಕೂಡ. ಕೋಣೆಯಲ್ಲಿ ಡಾಕ್ಟರ್ ಇನಾಮದಾರ ದೆಹಲಿಯಿಂದ ಬರುವ ತಂಡದ ಬಗ್ಗೆ ಫೋನಿನಲ್ಲಿ ಮಾತಾಡುತ್ತಿದ್ದರು. ಇನ್ನೂ ಹದಿನಾಲ್ಕು ಆಸ್ಪತ್ರೆಗಳಿಗೆ ಯಂತ್ರ ಹೋಗುವುದಿತ್ತು. ರತ್ನಮಾಲಾಳನ್ನು ಕಂಡು ಫೋನಿಗೆ ಕೈ ಅಡ್ಡ ಹಿಡಿದು, ನಿಮ್ಮ ಪ್ರಶ್ನಾವಳಿಯನ್ನೇ ಎಲ್ಲ ಕಡೆ ಬಳಸುತ್ತಾರಂತೆ ಎಂದು ಸಂತೋಷದಿಂದ ಹೇಳಿದರು. ರತ್ನಮಾಲಾ ನಕ್ಕು, ಏನೋ ಸಹಿ ಬೇಕಿತ್ತು, ಆಮೇಲೆ ಬರುತ್ತೇನೆ ಎಂದು ಹಿಂದಿರುಗಿದಳು.

ಸೋಮವಾರ ಹೇಳೋಣ ಎಂದುಕೊಂಡಳು. ಸೋಮವಾರ ತಂಡ ಬಂತು. ತಂಡ ಹೋದಮೇಲೆ ಎಂದುಕೊಂಡಳು. ತಪ್ಪನ್ನು ಮುಂದಕ್ಕೆ ಹಾಕುವವರಿಗೆ ಪಂಚಾಂಗವೂ ನೆಂಟನಾಗುತ್ತದೆ. ದಿನಕ್ಕೊಂದು ನೆಪ ಕೊಡುತ್ತದೆ. ಚಂಪವ್ವ ಮಾತ್ರ ದಿನಾ ಬರುತ್ತಿದ್ದಳು. ಬಂದವಳು ಗಾಜಿನ ಬಾಗಿಲು ಸರಿಸಿ, ರುಚಿ ಇನ್ನೂ ಇದೆಯೆಂದು ವರದಿ ಒಪ್ಪಿಸುತ್ತಿದ್ದಳು: ಇವತ್ತು ಕ್ಯಾಂಟೀನಿನ ಸಾರಿಗೆ ಉಪ್ಪು ಕಡಿಮೆಯಾಗಿತ್ತು, ನಿನ್ನೆ ಮೆಂತ್ಯ ಹೊತ್ತಿತ್ತು. ಆ ಮಾತಿಗೆ ರತ್ನಮಾಲಾ ತಲೆಯೆತ್ತದೆ ಹೂಂಗುಡುತ್ತಿದ್ದಳು. ಇಪ್ಪತ್ತೇಳನೆಯ ದಿನ ಮಂಗಳವಾರ. ಚಂಪವ್ವ ಎಲ್ಲರಿಗೂ ಕೈಮುಗಿದು, ರತ್ನಮಾಲಾಳ ಗಲ್ಲ ನೀವಿ, ಆ ಬೆರಳುಗಳನ್ನು ತನ್ನ ಹಣೆಗೊತ್ತಿ ನೆಟಿಗೆ ಮುರಿದು, ಗೋಕಾಕದ ಬಸ್ಸು ಹತ್ತಿದಳು.

ಅದಾದ ಮೇಲೆ ರತ್ನಮಾಲಾ ಯಂತ್ರ ಹೇಳಿದ್ದ ಆ ಒಂದು ವಾರದ ದಿನಗಳನ್ನು ಎಣಿಸಿದಳು. ವಾರ ಕಳೆದಾಗ ಒಂದು ಬಗೆಯ ಹಾಳು ನೆಮ್ಮದಿ ಬಂತು: ಇನ್ನು ಹೇಳಿಯೂ ಪ್ರಯೋಜನವಿಲ್ಲ. ಆ ನೆಮ್ಮದಿಗೆ ಅವಳು ಆಮೇಲೆ ಹೇಸಿಕೊಂಡಷ್ಟು ಬೇರೆ ಯಾವುದಕ್ಕೂ ಹೇಸಿಕೊಳ್ಳಲಿಲ್ಲ.

ಹನ್ನೊಂದನೆಯ ದಿನ, ಶನಿವಾರ, ರಾಯಬಾಗದ ಕಡೆಯ ಹೆಂಗಸೊಬ್ಬಳ ತಟ್ಟೆಯ ಲೆಕ್ಕ ಬಂತು. ಮತ್ತೆ ಅದೇ ಹಳದಿ ಚೌಕ, ಅದೇ ಎರಡು ಗುಂಡಿ. ರತ್ನಮಾಲಾ ಬೆರಳು ಎತ್ತಿದಳು. ಬೆರಳು ಇಳಿಯಲಿಲ್ಲ. ಎದ್ದು ಬೆಂಚಿನ ಹತ್ತಿರ ಹೋಗಿ, ಫಾರ್ಮು ಇಲ್ಲದೆ, ಅವ್ವನ ಜೊತೆ ಮಾತಾಡುವ ಹಾಗೆ ಕೇಳಿದಳು.

“ಅಕ್ಕಾ, ಮಿಶ್ರಿ ಹಚ್ಚತೀ ಏನ?”

“ಅದಾ? ಹಚ್ಚತೇನಲ್ಲ. ಹಚ್ಚಲಿಲ್ಲಂದ್ರ ಹೊಟ್ಟಿ ಸಾಪ ಆಗಂಗಿಲ್ಲ” ಎಂದು ಆ ಹೆಂಗಸು ನಕ್ಕಳು.

ನಾಲ್ಕು ಸೆಕೆಂಡು. ಅಷ್ಟೇ ಸಾಕಾಗಿತ್ತು. ರತ್ನಮಾಲಾ ಅಲ್ಲಿಂದ ನೇರ ಡಾಕ್ಟರ ಕೋಣೆಗೆ ನಡೆದಳು.

ಡಾಕ್ಟರ್ ಇನಾಮದಾರ ಪೂರ್ತಿ ಕೇಳಿದರು. ನಡುವೆ ಒಂದು ಸಲ ಕನ್ನಡಕ ತೆಗೆದು ಕಣ್ಣೊತ್ತಿಕೊಂಡರು. ಎಂಬತ್ತೆಂಟು ಎಂಬ ಸಂಖ್ಯೆಯನ್ನು ಎರಡು ಸಲ ಹೇಳಿಸಿದರು. ಆಮೇಲೆ, ಯಾವಾಗ ಗೊತ್ತಾಯಿತು ಎಂದು ಕೇಳಿದರು. ನಿನ್ನೆ ಎನ್ನಬಹುದಿತ್ತು. ಇಪ್ಪತ್ತನೆಯ ಕಿರಣದ ದಿನ ಎಂದಳು ರತ್ನಮಾಲಾ. ಡಾಕ್ಟರು ಗೋಡೆಯ ಕ್ಯಾಲೆಂಡರಿನತ್ತ ತಿರುಗಿದರು. ಅವರ ತುಟಿ ಎಣಿಸುತ್ತಿದ್ದುದು ಅವಳಿಗೆ ಕಂಡಿತು.

“ಇಪ್ಪತ್ತೆರಡು ದಿನ, ರತ್ನಮಾಲಾ.”

ಅವರು ಬೈಯಲಿಲ್ಲ. ಯಂತ್ರವನ್ನು ಅಂದೇ ನಿಲ್ಲಿಸಲು ಪತ್ರ ಬರೆದರು. ಎಂಬತ್ತೆಂಟು ಮಂದಿಯನ್ನೂ ಕರೆಸಲು ಪಟ್ಟಿ ಮಾಡಿಸಿದರು. ಯಂತ್ರ ನಿಲ್ಲುವ ಮುನ್ನ ಚಂಪವ್ವನ ಲೆಕ್ಕವನ್ನು ಹೊಸದಾಗಿ ಓಡಿಸಿದರು. ಮಂಗಳವಾರದಿಂದ ಎಂಟು ದಿನ ಅಗಲವಾದ ಕಿರಣ ಕೊಟ್ಟರೂ ಈಗ ಮರಳುವ ಸಂಭವ ಹತ್ತರಲ್ಲಿ ಮೂರು. ಒಂದಾಗಬೇಕಿದ್ದದ್ದು ಮೂರು. ಹೆಚ್ಚಾದ ಆ ಎರಡರ ಮೇಲೆ ಯಾರ ಹೆಸರಿದೆ ಎಂದು ಯಂತ್ರ ಬರೆಯಲಿಲ್ಲ, ಡಾಕ್ಟರೂ ಹೇಳಲಿಲ್ಲ. ಮುಂದೆ ತನಿಖೆ ನಡೆಯುತ್ತದೆ, ಅದು ಬೇರೆ; ಮೊದಲು ಗೋಕಾಕಕ್ಕೆ ಹೋಗಿ ಅವರಿಗೆ ತಿಳಿಸಬೇಕು ಎಂದರು. ಏನೆಂದು ಹೇಳಲಿ ಎಂದು ರತ್ನಮಾಲಾ ಕೇಳಿದಾಗ, ಅದನ್ನು ನಾನು ಬರೆದುಕೊಡುವುದಿಲ್ಲ ಎಂದರು.

ಮನೆಯಲ್ಲಿ ತಂಗೆವ್ವನಿಗೂ ಹೇಳಬೇಕಾಯಿತು. ತಾಯಿ ಜೋಳ ಆರಿಸುತ್ತಿದ್ದವಳು ಮೊರ ಕೆಳಗಿಟ್ಟಳು. ನಂಜು ಎಂದು ಗೊತ್ತಿದ್ದೂ ಇಷ್ಟು ವರ್ಷ ನನಗೂ ಯಾಕೆ ಹೇಳಲಿಲ್ಲ ಎಂದು ಅವಳು ಕೇಳಬಹುದೆಂದು ರತ್ನಮಾಲಾ ಕಾದಳು. ಅವಳು ಕೇಳಿದ್ದು ಬೇರೆ.

“ನನ್ನ ಬಾಯಿ ಬಗ್ಗೆ ಬರಿಯಾಕ ಅಷ್ಟ ನಾಚಿಕಿ ಆತೇನ ನಿನಗ?”

ತಂಗೆವ್ವ ಮತ್ತೆ ಮೊರ ಎತ್ತಿಕೊಂಡಳು.

ಭಾನುವಾರ ಗೋಕಾಕದಲ್ಲಿ ಕಾರ್ಖಾನೆಗೆ ರಜೆ. ಚಂಪವ್ವನ ಮನೆ ಪೇಟೆಯ ಹಿಂದಿನ ಓಣಿಯಲ್ಲಿತ್ತು. ಬಾಯಾರು ಬಂದರು ಎಂದು ಅವಳು ಸಂಭ್ರಮದಿಂದ ಚಾಪೆ ಹಾಸಿದಳು, ಸೊಸೆ ಸುಮಿತ್ರಾಳಿಗೆ ಅವಲಕ್ಕಿ ಹಚ್ಚಲು ಹೇಳಿದಳು. ರತ್ನಮಾಲಾ ಬಸ್ಸಿನಲ್ಲಿ ಜೋಡಿಸಿಕೊಂಡಿದ್ದ ಮಾತುಗಳು ಆ ಚಾಪೆಯ ಮೇಲೆ ಕುಳಿತಾಗ ಒಂದೂ ಉಳಿಯಲಿಲ್ಲ. ಮಿಶ್ರಿ ತಂಬಾಕೇ ಎಂದಳು. ಪ್ರಶ್ನೆ ತಪ್ಪಾಗಿ ಕೇಳಿದೆ ಎಂದಳು. ಯಂತ್ರ ಎಚ್ಚರಿಸಿದಾಗಲೂ ಕೇಳಲಿಲ್ಲ, ತಪ್ಪು ಗೊತ್ತಾದ ಮೇಲೂ ಇಪ್ಪತ್ತೆರಡು ದಿನ ಬಾಯಿ ಬಿಡಲಿಲ್ಲ ಎಂದಳು. ನಾಲ್ಕು, ಒಂದು, ಮೂರು ಎಂಬ ಅಂಕಿಗಳನ್ನು ಬೆರಳೆಣಿಸಿ ಹೇಳಿದಳು. ಎಂಟು ದಿನದ ಕಿರಣದಲ್ಲಿ ರುಚಿ ಹೋಗುತ್ತದೆ, ಮರಳಿದರೆ ವರ್ಷದ ಮೇಲೆ, ಮರಳದೆಯೂ ಇರಬಹುದು ಎಂಬುದನ್ನೂ ಬಿಡಲಿಲ್ಲ.

ಒಳಗೆ ಒಗ್ಗರಣೆಯ ಸದ್ದು ನಿಂತಿತು. ಸುಮಿತ್ರಾ ಬಾಗಿಲಿಗೆ ಬಂದು ನಿಂತಿದ್ದಳು.

ಚಂಪವ್ವ ತನ್ನ ತೋರುಬೆರಳನ್ನು ಬೆಳಕಿಗೆ ಹಿಡಿದು ನೋಡಿಕೊಂಡಳು.

“ಇದನ್ನ ನೀ ಅವತ್ತ ನೋಡಿದ್ದಿ.”

ಅಲ್ಲಿಯವರೆಗೆ ‘ನೀವು’ ಎನ್ನುತ್ತಿದ್ದವಳು. ರತ್ನಮಾಲಾ ಹೌದೆಂದು ತಲೆಯಾಡಿಸಿದಳು.

“ನೋಡಿ ಗುರ್ತ ಹಿಡಿದಿದ್ದಿ. ಮತ್ತ ಯಾಕ ಕೇಳಲಿಲ್ಲ?”

“ನಮ್ಮವ್ವನೂ ಹಚ್ಚತಾಳ್ರಿ. ಆ ಮಾತ ಬಾಯಾಗ ಬಂದ್ರ ನಾ ಯಾರ ಮಗಳು ಅಂತ ಗೊತ್ತಾಗತೈತಿ ಅನ್ನಸ್ತು.”

“ಮತ್ತ ಈ ಇಪ್ಪತ್ತೆರಡ ದಿನಾ?”

“ಅಂಜಿಕಿ ಆತ್ರಿ.”

“ನನಗೇನ ಅಂಜಿಕಿ ಇರಲಿಲ್ಲೇನು?” ಎಂದಳು ಚಂಪವ್ವ. ದನಿ ಏರಿರಲಿಲ್ಲ. “ದಿನಾ ಆ ಡಬ್ಬಿ ಒಳಗ ಮಲಗತಿದ್ದೆ, ಅಲುಗದಂಗ ಮಾರಿಗೆ ಜಾಳಗಿ ಕಟ್ಟತಿದ್ರು. ಹೊರಗ ನೀ ಇದ್ದಿ ಅಂತ ಧೈರ್ಯ ಇತ್ತು.”

ಸುಮಿತ್ರಾ ಅಳತೊಡಗಿದಳು. ಚಂಪವ್ವ ಅವಳನ್ನು ಒಳಗೆ ಕಳಿಸಿ, ಎಂಟು ದಿನದ ವಿವರವನ್ನು ಮತ್ತೊಮ್ಮೆ ಹೇಳಿಸಿಕೊಂಡಳು. ಹತ್ತರಲ್ಲಿ ನಾಲ್ಕಕ್ಕೂ ಮೂರಕ್ಕೂ ಎಷ್ಟು ಅಂತರ, ಆ ಒಂದಕ್ಕಾಗಿ ನಾಲಿಗೆ ಕೊಡಬೇಕೇ ಎಂದು ತನ್ನೊಳಗೇ ತೂಗುತ್ತಿರುವಂತೆ ಕಂಡಿತು. ಹೋಗಿ ಒಲೆಯ ಮುಂದೆ ನಿಂತಳು, ಬಂದಳು. ಕೊನೆಗೆ, ಮೊಮ್ಮಗಳಿಗೆ ಇನ್ನೂ ಮೂರು ವರ್ಷ, ಆಕೆಗೆ ಅಜ್ಜಿ ಬೇಕು, ಅಜ್ಜಿಯ ನಾಲಿಗೆ ಆಕೆಗೆ ಏನು ಮಾಡಲಿಕ್ಕೆ ಬೇಕು ಎಂದಳು. ಹಾಗೆಂದವಳು ರತ್ನಮಾಲಾಳ ಕಡೆ ತಿರುಗಿದಳು.

“ಬರ್ತೇನಿ. ಆದ್ರ ಎಂಟೂ ದಿನ ನೀ ಆ ಬೆಂಚಿನ ಮ್ಯಾಲ ಕುಂದ್ರಬೇಕು. ಒಳಗಲ್ಲ, ಗಾಜಿನ ಹಿಂದಲ್ಲ. ಬೆಂಚಿನ ಮ್ಯಾಲ.”

ರತ್ನಮಾಲಾ ಕುಳಿತಳು. ಅವಳನ್ನು ಆಗಲೇ ಯಂತ್ರದ ಕೋಣೆಯಿಂದ ತೆಗೆದು, ಎಂಬತ್ತೆಂಟು ಮಂದಿಗೆ ಫೋನು ಮಾಡುವ ಕೆಲಸ ಕೊಟ್ಟಿದ್ದರು. ಬೆಂಚಿನ ಮೇಲೆಯೇ ಕುಳಿತು ಮಾಡಿದಳು. ಕೆಲವರು ಬರುತ್ತೇವೆ ಎಂದರು. ಕೆಲವರಿಗೆ ಬರುವ ಅಗತ್ಯವೇ ಉಳಿದಿರಲಿಲ್ಲ; ಅಂಥ ಮನೆಗಳಲ್ಲಿ ಫೋನು ಎತ್ತಿದವರಿಗೂ ಅವಳು ಕಾರಣವನ್ನು ಪೂರ್ತಿ ಹೇಳಿದಳು. ಒಬ್ಬಾತ ಎಲ್ಲ ಕೇಳಿ, ಆಯಿತು ಎಂದು ಇಟ್ಟುಬಿಟ್ಟ. ಇನ್ನೊಂದು ಮನೆಯ ಮಗಳು ಬೈದಳು. ಬೈದದ್ದು ಎಷ್ಟೋ ಹಗುರವಾಗಿತ್ತು. ಒಂದು ದಿನ ತಂಗೆವ್ವ ತಾನಾಗಿ ಬಸ್ಸು ಹತ್ತಿ ಬಂದು, ಮಗಳನ್ನು ಮಾತಾಡಿಸದೆ ತಪಾಸಣೆಯ ಸಾಲಿನಲ್ಲಿ ನಿಂತು ಬಾಯಿ ತೋರಿಸಿ ಹೋದಳು. ಕೆನ್ನೆಯೊಳಗೆ ಬಿಳಿ ಮಚ್ಚೆಯೊಂದಿದೆ, ಆರು ತಿಂಗಳಿಗೊಮ್ಮೆ ನೋಡಬೇಕು ಎಂದರು.

ಚಂಪವ್ವ ನಾಲ್ಕನೆಯ ದಿನದ ಹೊತ್ತಿಗೆ ನೀರೂ ಉರಿಯುತ್ತದೆ ಎನ್ನತೊಡಗಿದಳು. ಉಪ್ಪು ಕಡಿಮೆ, ಮೆಂತ್ಯ ಹೊತ್ತಿದೆ ಎಂಬ ವರದಿಗಳು ನಿಂತವು. ಬೆಂಚಿನ ಮೇಲೆ ಪಕ್ಕದಲ್ಲೇ ಕುಳಿತಿರುತ್ತಿದ್ದಳು. ಶನಿವಾರ, ಭಾನುವಾರ ಕಿರಣಕ್ಕೆ ಬಿಡುವು, ಊರಿಗೆ ಹೋಗಿಬಂದಳು.

ಎಂಟನೆಯ ದಿನ, ಗುರುವಾರ, ಕರೆಗಾಗಿ ಕಾಯುತ್ತಿದ್ದಾಗ ಅವಳು ಚೀಲದಿಂದ ಒಂದು ಡಬ್ಬಿ ತೆಗೆದಳು. ಸೊರಗಿದ ದನಿಯಲ್ಲಿ, ತುಣುಕು ತುಣುಕಾಗಿ ಹೇಳಿದಳು. ಭಾನುವಾರ ಮನೆಯಲ್ಲೇ ಸಣ್ಣ ಕಡಾಯಿಯಲ್ಲಿ ಕರದಂಟು ಮಾಡಿದ್ದಳಂತೆ. ಹಲ್ಲಿಗೆ ಹಿಡಿದಾಗ ಹಿಡಿದದ್ದು ತಿಳಿಯಿತು, ಬಿಟ್ಟದ್ದು ತಿಳಿಯಿತು, ನಾಲಿಗೆಗೆ ಮಾತ್ರ ಏನೂ ತಿಳಿಯಲಿಲ್ಲ, ಮಣ್ಣು. ಕಣ್ಣಳತೆಯಲ್ಲಿ ಇಳಿಸಿದಳು. ಕಾರ್ಖಾನೆಯವರು ಬಂದು ತಿಂದರು, ಸೊಸೆ ತಿಂದಳು, ಓಣಿಯವರು ತಿಂದರು. ಎಲ್ಲರೂ, ಮೊದಲಿನ ಹಾಗೇ ಇದೆ ಎಂದರು. ಪಾಕ ನೋಡಲು ಮುಂದಿನ ತಿಂಗಳಿಂದ ಮತ್ತೆ ಬಾ ಎಂದು ಮಾಲೀಕರೂ ಹೇಳಿಹೋದರು.

“ಅವರಿಗೆಲ್ಲಾ ನನ್ನ ಮ್ಯಾಲ ಕರುಣಾ ಐತಿ. ನೀ ತಿಂದು ಹೇಳು” ಎಂದಳು.

ರತ್ನಮಾಲಾ ಒಂದು ತುಣುಕು ಬಾಯಿಗಿಟ್ಟುಕೊಂಡಳು. ಕೊಬ್ಬರಿ, ಅಂಟು, ಗಸಗಸೆ. ಬೆಲ್ಲ ಮೊದಲು ಸಿಹಿಯಾಗಿಯೇ ಬಂತು. ಆಮೇಲೆ ನಾಲಿಗೆಯ ಬದಿಯಲ್ಲಿ, ಎಳೆಯಷ್ಟಲ್ಲ, ಹಗ್ಗದಷ್ಟು ಕಹಿ ಸುಳಿಯಿತು. ಚಂಪವ್ವ ಅವಳ ಮುಖವನ್ನೇ ನೋಡುತ್ತಿದ್ದಳು. ಚೆನ್ನಾಗಿದೆ ಎಂಬ ಮಾತು ರತ್ನಮಾಲಾಳ ಬಾಯಿಯವರೆಗೆ ತಾನಾಗಿಯೇ ಬಂದಿತ್ತು. ಒಂದು ಮಾತು. ಅದನ್ನು ಹೇಳಿದರೆ ಈ ಬೆಂಚಿನ ಮೇಲೆ ಇಬ್ಬರಿಗೂ ಅರೆಗಳಿಗೆ ಸುಖ.

“ಸುಟ್ಟೈತ್ರಿ” ಎಂದಳು.

ಚಂಪವ್ವನ ಮುಖದಲ್ಲಿ ಏನೋ ಕುಸಿದದ್ದು ಕಂಡಿತು. ಕಣ್ಣು ತುಂಬಿತು, ಇಳಿಯಲಿಲ್ಲ. ಅವಳು ಡಬ್ಬಿಯ ಮುಚ್ಚಳವನ್ನು ಮಡಿಲಲ್ಲಿ ಎರಡು ಸಲ ತಿರುಗಿಸಿದಳು. ಒಳಗಿನಿಂದ ಅವಳ ಹೆಸರು ಕೂಗಿದರು. ಅವಳು ಏಳಲಿಲ್ಲ.

“ಎಷ್ಟು?” ಎಂದು ಕೇಳಿದಳು. “ಒಲಿ ಎಷ್ಟ ಮುಂಚೆ ಆರಸಬೇಕಾಗಿತ್ತು? ನೋಡಿ ಹೇಳು.”

ರತ್ನಮಾಲಾಳಿಗೆ ಪಾಕದ ಲೆಕ್ಕ ಗೊತ್ತಿರಲಿಲ್ಲ. ಆದರೂ ಇನ್ನೊಂದು ತುಣುಕು ಮುರಿದು ಬಾಯಿಗಿಟ್ಟುಕೊಂಡು, ಕಣ್ಣು ಮುಚ್ಚಿ, ನಿಧಾನವಾಗಿ ಅಗಿಯತೊಡಗಿದಳು.